ಮೀಟರ್ ಓದಾಂವ

ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ, ಖರೆ.
ಆದರ ನವನಗರದ ಸೆಕ್ಟರಿನಾಗ
ಗೇಟಿಗೆ ಕೈ ಇಟ್ಟು, 'ನಾಯಿ ಕಟ್ಟೀರೇನ್ರೀ' ಅಂತ ಒದರಿ
ದಿನಕ್ಕ ನೂರಾ ನಲವತ್ತು ಮನಿ ತಿರಗಾಂವಗ
ಅಭಿಪ್ರಾಯ ತಾವಽ ಹುಟ್ಟತಾವ,
ಅಂಗಾಲಾಗ ಆಣಿ ಹುಟ್ಟಿಧಂಗ.

ಮೊದಲನೇದು, ಮೀಟರಿಗೆ ಪಕ್ಷ ಇಲ್ಲ.
ಮಾಳಗಿ ಮ್ಯಾಲ ಯಾವ ಬಣ್ಣದ ಬಾವುಟ ಕಟ್ಟಿದರೂ
ಒಳಗ ಚಕ್ರ ಒಂದಽ ಕಡೆ ತಿರಗತೈತಿ.
ಈಗ ಚಕ್ರ ಹೋಗಿ ಕೆಂಪು ದೀಪ ಬಂದೈತಿ, ಇರಲಿ.
ಸೊನ್ನೆ ಬಿಲ್ಲು ಹರಿದು ಕೈಯಾಗ ಕೊಟ್ಟರ
ಹೊದ್ಲೂರ ಮಾಸ್ತರು ಚಾಳೀಸು ಏರಿಸಿ
'ಸರಕಾರ ದಿವಾಳಿ ಆತಪಾ' ಅಂತಾರ.
ಅಂದು, ಬಿಲ್ಲು ನಾಕು ಮಡಿಕಿ ಮಾಡಿ
ದೇವರ ಫೋಟೋದ ಹಿಂದ ಇಡತಾರ.
ನಾ ನಗೂದಿಲ್ಲ. ನಮ್ಮನೀದೂ ಸೊನ್ನೆ.
ಸೊನ್ನೆ ಬಿಲ್ಲಿಗೂ ತಕರಾರು ಬರದು ಕೊಟ್ಟಾರ ಇಬ್ಬರು,
'ಹೋದ ತಿಂಗಳ ಸೊನ್ನೆ ಇನ್ನಾ ಚೊಲೊ ಇತ್ತು' ಅನ್ನೂವಂಗ.

ಕೊರಳಾಗಿನ ಮಷೀನಿನ ಬಗ್ಗೆ ನನಗ ದೂರಿಲ್ಲ.
ಆ ಕಾಗದ ಬಿಸಿಲಿಗೆ ಇಟ್ಟರ ಅಕ್ಷರ ಮಾಯ.
ಸೊಸೈಟಿ ಸಾಲಾನೂ ಇದರಾಗಽ ಪ್ರಿಂಟ್ ಹೊಡಿಬೇಕಿತ್ತು.
ಇನ್ನ ಮುಂದ ಶಾಣ್ಯಾ ಮೀಟರ್ ಬರತಾವಂತ,
ತಮ್ಮ ಲೆಕ್ಕ ತಾವಽ ಮ್ಯಾಲಿನವರಿಗೆ ಹೇಳತಾವಂತ.
ಹೇಳಲಿ.
ಡಬ್ಬಿಯೊಳಗ ಹಲ್ಲಿ ತತ್ತಿ ಇಟ್ಟದ್ದು ಹೇಳತಾವೇನು?
ಕೊಣ್ಣೂರವರ ಮನ್ಯಾಗ ಯೂನಿಟ್ಟು ಡಬಲ್ ಆದವು:
ಎರಡು ಖೋಲಿ, ಎರಡು ಫ್ಯಾನು, ಎರಡು ಟೀವಿ.
ಗಂಡ ಹೆಂಡತಿ ಮಾತು ಬಿಟ್ಟು ಎರಡು ತಿಂಗಳಾತು
ಅಂತ ನನಗ ತಿಳೀತು. ಮಷೀನಿಗೆ ಬರೇ
ಇನ್ನೂರಾ ಹನ್ನೊಂದು ಅಂತ ತಿಳೀತು.

'ಮಂದಿ ಮನೀ ರೀಡಿಂಗು ಬಾಯಿಪಾಠ,
ನಮ್ಮನಿ ಗ್ಯಾಸ್ ಯಾವಾಗ ಹಚ್ಚೀವಿ, ಹೇಳು ನೋಡೋಣು'
ಅಂದ್ಲು ದಾಕ್ಷಾಯಣಿ. ಹೇಳಲಿಕ್ಕೆ ಬರಲಿಲ್ಲ.
ಆಕಿ ಲೈಟ್ ಹಚ್ಚಿಕೋತ ಅಡ್ಡಾಡತಾಳ,
ನಾ ಆರಿಸಿಕೋತ ಹಿಂದಿಂದ.
ಹದಿಮೂರು ವರ್ಷದ ಸಂಸಾರ ಇಷ್ಟಽ.

ರಾತ್ರಿ ಪಲ್ಲು ಕೂಡ ಮೊಬೈಲಿನಾಗ ಆಡತೀನಿ.
ಗುಂಡು ಹೊಡಿಯೂ ಆಟ ನನಗ ಆಗಿಬರೂದಿಲ್ಲ.
ಎಲ್ಲಾರೂ ಮನಿ ಹೊಕ್ಕು ಬಂದೂಕು ಹುಡಕತಾರ,
ನಾ ಹೊಕ್ಕು, ಮೀಟರ್ ಎಲ್ಲಿ ಕೂಡಿಸ್ಯಾರ ಅಂತ ನೋಡತೀನಿ,
ಅಷ್ಟರಾಗ ಸಾಯತೀನಿ.
ಆಟದಾಗಿನ ಅಂಗಿಗೆ ಮುನ್ನೂರು ರೂಪಾಯಿ ಅಂತ.
ಇಲ್ಲದ ಅಂಗಿಗೆ ಇರೂ ರೊಕ್ಕ!
ಗುಳೇದಗುಡ್ಡದ ಖಣ ಬರತಿತ್ತು ಅಂದೆ.
'ಅಪ್ಪಾ, ಖಣ ಹಾಕ್ಕೊಂಡು ಯುದ್ಧ ಮಾಡ್ಲೇನು?'
ಕೊಡಿಸಿದೆ. ಅವ್ವಗ ಹೇಳಬ್ಯಾಡ ಅಂದೆ.

ಇನ್ನೊಂದು ಆಟ, ಇಟ್ಟಂಗಿ ಇಟ್ಟು ಊರು ಕಟ್ಟೂದು.
ಮೊನ್ನೆ ಕಟ್ಟಿದ ಊರಿಗೆ ಪಲ್ಲು
ಬಕೀಟಿನಿಂದ ನೀರು ಬಿಟ್ಲು.
ಓಣಿ, ಬಜಾರ, ಒಂದು ಕುರಿ, ಎಲ್ಲಾ ನೀಲಿ.
ನನ್ನ ಮಾರಿ ನೋಡಿ
'ಅಂಜಬ್ಯಾಡೋ ಅಪ್ಪಾ, ಸೇವ್ ಮಾಡೀನಿ' ಅಂತಾಳ.

ಕಿಲ್ಲಾ ಓಣಿಗೆ ಹಿನ್ನೀರು ಬಂದಾಗ
ಅದನ್ನ ಯಾರೂ ಸೇವ್ ಮಾಡಿರಲಿಲ್ಲ.
ಸೆಕ್ಟರ್ ನಂಬರ್ ಕೊಟ್ರು, ಪ್ಲಾಟ್ ನಂಬರ್ ಕೊಟ್ರು,
ಅಗಲ ರಸ್ತೆ ಕೊಟ್ರು. ಚೊಲೊನಽ ಐತಿ, ಸುಳ್ಳ್ಯಾಕ.
ಅಡ್ರೆಸ್ ಹುಡುಕೂದು ಸಸಾರ ನನಗ.

ಅಷ್ಟರಾಗ ಕರೆಂಟು ಹೋತು.
ಇಡೀ ಓಣಿ ನನಗಽ ಫೋನ್ ಹಚ್ಚಿತು.
'ನಾ ಓದಾಂವ ರೀ, ಕಡ್ಯಾಂವ ಅಲ್ಲ.'
ಕತ್ತಲಾಗ ಪಲ್ಲು ಕೇಳಿದ್ಲು:
ಆ ಮುಳುಗಿದ ಮನ್ಯಾಗ ಮೀಟರ್ ಎಲ್ಲಿತ್ತು?
ಬಾಗಲಾ ಹಿಂದ. ನನ್ನ ಎತ್ತರಕ್ಕಿಂತ ಮ್ಯಾಲ.
ಅಜ್ಜ ಎತ್ತಿ ತೋರಸತಿದ್ದ,
ಚಕ್ರ ತಿರಗಿದರ ಮನಿ ಉಸರಾಡತೈತಿ ಅಂತಿದ್ದ.
ಕಡೀ ರೀಡಿಂಗ್ ಯಾರು ಬರಕೊಂಡ್ರೋ,
ಬಿಲ್ಲು ಯಾವ ವಿಳಾಸಕ್ಕ ಹೋತೋ.

'ಬಂತು' ಅಂದ್ಲು ದಾಕ್ಷಾಯಣಿ ಅಡಗಿಮನ್ಯಾಗಿಂದ.
ಮೂರೂ ಖೋಲ್ಯಾಗ ಬೆಳಕು.
ಎದ್ದು ಪಡಸಾಲಿದು ಆರಿಸಲಿಕ್ಕೆ ಹೋದಾಂವ
ಸ್ವಿಚ್ಚಿನ ಮ್ಯಾಲ ಬಟ್ಟ ಇಟ್ಟುಕೊಂಡು
ಹಂಗಽ ನಿಂತೆ ಒಂದೀಟು.